ಯಾವ ಕಂಪನಿಯ ಕ್ಯಾಬಿನ್ ಒಳ್ಳೆಯದು? ಲಾರಿ ಕೊಳ್ಳಲಿರುವ ಚಾಲಕರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಹಿರಿಯೂರು ಕಡೆಯವನು. ಸ್ವಂತ ಲಾರಿಯನ್ನು ನಾನೇ ಓಡಿಸುತ್ತೇನೆ. ಹೋಗುವಾಗ ಹೆಚ್ಚಾಗಿ ಮುಂಬೈ ಕಡೆಗೆ ತೆಂಗಿನಕಾಯಿ ಲೋಡ್, ಬರುವಾಗ ಭಿವಂಡಿಯಲ್ಲಿ ಸಿಕ್ಕಿದ ಮಾಲು. ಈಗಿರುವುದು ತಮಿಳುನಾಡಿನ ಸಂಕಗಿರಿಯಲ್ಲಿ ಕ್ಯಾಬಿನ್ ಕಟ್ಟಿಸಿದ ಹತ್ತು ಚಕ್ರದ ಹಳೆಯ ಗಾಡಿ. ಹನ್ನೆರಡು ಚಕ್ರದ ಹೊಸ ಗಾಡಿ ಕೊಳ್ಳಬೇಕೆಂದಿದ್ದೇನೆ. ಜೊತೆಯ ಚಾಲಕರಲ್ಲಿ ಒಬ್ಬರು ಟಾಟಾ ಎನ್ನುತ್ತಾರೆ, ಇನ್ನೊಬ್ಬರು ಲೇಲ್ಯಾಂಡ್, ಮತ್ತೊಬ್ಬರು ಭಾರತ್‌ಬೆಂಜ್, ಐಷರ್ ಓಡಿಸುವವರು ಅದೇ ಮೇಲು ಎನ್ನುತ್ತಾರೆ. ಕ್ಯಾಬಿನ್ ಮಟ್ಟಿಗೆ ಯಾವ ಕಂಪನಿ ಒಳ್ಳೆಯದು? ಕೌಲ್, ಅಂದರೆ ಕ್ಯಾಬಿನ್ ಇಲ್ಲದ ಗಾಡಿ, ತೆಗೆದುಕೊಂಡು ಕ್ಯಾಬಿನ್ನನ್ನು ಮತ್ತೆ ಸಂಕಗಿರಿಯಲ್ಲೇ ಕಟ್ಟಿಸಿದರೆ ತಪ್ಪೇನಾದರೂ ಇದೆಯೇ? ಈಚೆಗೆ ಸೊಂಟದ ಹತ್ತಿರ ಬೆನ್ನು ನೋವು ಕೂಡ ಶುರುವಾಗಿದೆ.

ಉತ್ತರ: ನೀವು ಕೊನೆಯಲ್ಲಿ ಬರೆದಿರುವ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಬೆನ್ನು ನೋವಿನ ಚಾಲಕರೊಬ್ಬರು ಗಾಡಿ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯೇ ಬೇರೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ನೀವು ಕೂರುವ, ರಾತ್ರಿ ಮಲಗುವ ಜಾಗ ಆ ಕ್ಯಾಬಿನ್. ಆದ್ದರಿಂದ ಕಂಪನಿಯ ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಸೀಟು ಯಾವುದರ ಮೇಲೆ ಕುಳಿತಿದೆ, ಕ್ಯಾಬಿನ್ ಯಾವುದರ ಮೇಲೆ ನಿಂತಿದೆ, ಎಂಜಿನ್ನಿನ ಬಿಸಿ ಒಳಗೆ ಎಷ್ಟು ಬರುತ್ತದೆ, ಕಾಲು ಚಾಚಿ ಮಲಗಲು ಆಗುತ್ತದೆಯೇ ಎಂಬ ನಾಲ್ಕು ಸಂಗತಿಗಳನ್ನು ನೋಡಬೇಕೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಅದಕ್ಕೂ ಮೊದಲು ಒಮ್ಮೆ ಮೂಳೆ ವೈದ್ಯರಿಗೆ ತೋರಿಸಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಅಥವಾ ಕಾಲು ಜೋಮು ಹಿಡಿಯುತ್ತಿದ್ದರೆ, ಗಾಡಿಯ ವ್ಯವಹಾರ ಮುಗಿಯಲಿ ಎಂದು ಕಾಯಬೇಡಿ.

ನಿಮ್ಮ ಜೊತೆಗಾರರು ಹೇಳುವುದರಲ್ಲಿ ಯಾರದ್ದೂ ಸುಳ್ಳಲ್ಲ. ಆದರೆ ಅವರು ಹೋಲಿಸುತ್ತಿರುವುದು ಕಂಪನಿಗಳನ್ನಲ್ಲ, ತಾವು ತಾವು ಓಡಿಸಿದ ಒಂದೊಂದು ಗಾಡಿಯನ್ನು. ಟಾಟಾ ಎಂದರೆ ಯಾವ ಟಾಟಾ? 2009ರಲ್ಲಿ ಬಂದ ಪ್ರೈಮಾ ಒಂದು ಕ್ಯಾಬಿನ್, 2016ರಲ್ಲಿ ಬಂದ ಸಿಗ್ನಾ ಇನ್ನೊಂದು, ಎಲ್‌ಪಿಟಿ ಹೆಸರಿನ ಹಳೆಯ ಮಾದರಿಯದು ಮತ್ತೊಂದು. ಈ ಮೂರರಲ್ಲಿ ಕುಳಿತವರ ಅನುಭವ ಒಂದೇ ಆಗಿರಲು ಸಾಧ್ಯವಿಲ್ಲ. ಅಶೋಕ್ ಲೇಲ್ಯಾಂಡ್ 2020ರಲ್ಲಿ ತಂದ ಎವಿಟಿಆರ್ ಸಾಲಿನಲ್ಲಂತೂ ಎಂಜಿನ್, ಆಕ್ಸಲ್, ಕ್ಯಾಬಿನ್‌ಗಳನ್ನು ಕೊಳ್ಳುವವರ ಅಗತ್ಯಕ್ಕೆ ತಕ್ಕಂತೆ ಜೋಡಿಸಿಕೊಡುವುದೇ ಮುಖ್ಯ ಆಲೋಚನೆ. ಹಾಗಾಗಿ ಎನ್ ಕ್ಯಾಬಿನ್ ಓಡಿಸಿದವರೂ ಯು ಕ್ಯಾಬಿನ್ ಓಡಿಸಿದವರೂ ‘ನಮ್ಮದು ಲೇಲ್ಯಾಂಡ್’ ಎಂದೇ ಹೇಳುತ್ತಾರೆ. ಭಾರತ್‌ಬೆಂಜ್ ಚೆನ್ನೈ ಬಳಿಯ ಒರಗಡಂ ಕಾರ್ಖಾನೆಯಿಂದ 2012ರಲ್ಲಿ ರಸ್ತೆಗೆ ಬಂದಾಗ ಅದರ ಭಾರಿ ಗಾಡಿಗಳ ಕ್ಯಾಬಿನ್ನಿಗೆ ಮೂಲ ಮರ್ಸಿಡಿಸ್ ಆಕ್ಸರ್. ಆದರೆ ಅದೇ ಕಂಪನಿಯ ಚಿಕ್ಕ ಗಾಡಿಗಳ ಮೂಲ ಜಪಾನಿನ ಫ್ಯೂಸೋ. ಐಷರ್‌ನಲ್ಲೂ ಪ್ರೋ 6000, ಪ್ರೋ 8000 ಸಾಲುಗಳ ಕ್ಯಾಬಿನ್ ಒಂದೇ ಅಲ್ಲ. ಇದರ ಮೇಲೆ ಒಂದೇ ಕ್ಯಾಬಿನ್ನಿನಲ್ಲಿ ಮಲಗುವ ಹಾಸಿಲ್ಲದ ಡೇ ಕ್ಯಾಬಿನ್, ಹಾಸಿರುವ ಸ್ಲೀಪರ್ ಕ್ಯಾಬಿನ್ ಎಂಬ ಭೇದವೂ ಇದೆ.

ಇನ್ನೊಂದು ತೊಡಕು ಹೋಲಿಕೆಯ ರೀತಿಯಲ್ಲೇ ಇದೆ. ಒಬ್ಬರು ಹೊಸ ಗಾಡಿಯನ್ನು ಷಟ್ಪಥದಲ್ಲಿ ಪೂರ್ಣ ಲೋಡಿನೊಂದಿಗೆ ಓಡಿಸಿ ‘ತೊಟ್ಟಿಲಿನ ಹಾಗಿದೆ’ ಎನ್ನುತ್ತಾರೆ. ಇನ್ನೊಬ್ಬರು ಅದೇ ಮಾದರಿಯ ನಾಲ್ಕು ವರ್ಷ ಹಳೆಯ ಗಾಡಿಯನ್ನು, ಕೀಲುಗಳ ರಬ್ಬರ್ ಬುಷ್‌ಗಳೆಲ್ಲ ಸವೆದ ಮೇಲೆ, ಗುಂಡಿ ಬಿದ್ದ ರಸ್ತೆಯಲ್ಲಿ ಖಾಲಿ ಓಡಿಸಿ ಬೈಯುತ್ತಾರೆ. ಲಾರಿಯ ಲೀಫ್ ಸ್ಪ್ರಿಂಗ್‌ಗಳನ್ನು ಪೂರ್ಣ ಭಾರ ಹೊರಲೆಂದು ಮಾಡಿರುವುದರಿಂದ ಖಾಲಿ ಇದ್ದಾಗ ಅವು ಬಗ್ಗುವುದೇ ಇಲ್ಲ ಎನ್ನುವಷ್ಟು ಗಡುಸಾಗಿರುತ್ತವೆ. ಖಾಲಿ ಗಾಡಿಯ ಏಟು ತುಂಬಿದ ಗಾಡಿಯ ಏಟಿಗಿಂತ ಕೆಟ್ಟದ್ದೆಂಬುದು ನಿಮಗೇ ಗೊತ್ತಿದೆ. ಟೈರಿನ ಗಾಳಿ ಹೆಚ್ಚಾದರೂ ಅದೇ ಕಥೆ. ಆದ್ದರಿಂದ ಯಾರಾದರೂ ಒಂದು ಕ್ಯಾಬಿನ್ನನ್ನು ಹೊಗಳಿದರೆ ಅಥವಾ ತೆಗಳಿದರೆ, ಯಾವ ಮಾದರಿ, ಎಷ್ಟು ವರ್ಷದ್ದು, ಯಾವ ರಸ್ತೆಯಲ್ಲಿ, ಲೋಡಿನಲ್ಲೋ ಖಾಲಿಯಲ್ಲೋ ಎಂದು ಕೇಳಿ. ಈ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲಷ್ಟೇ ಆ ಅಭಿಪ್ರಾಯ ನಿಮ್ಮ ಉಪಯೋಗಕ್ಕೆ ಬರುತ್ತದೆ.

ಈಗ ಬೆನ್ನಿನ ವಿಷಯ. ನಮ್ಮಲ್ಲಿ ಓಡುವ ಬಹುತೇಕ ಲಾರಿಗಳಲ್ಲಿ ಎಂಜಿನ್ ಕ್ಯಾಬಿನ್ನಿನ ಕೆಳಗಿರುತ್ತದೆ, ಚಾಲಕ ಮುಂದಿನ ಆಕ್ಸಲಿನ ನೇರ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಕುಳಿತಿರುತ್ತಾನೆ. ಲೋಡು ಹೇರುವ ಉದ್ದ ಇದರಿಂದ ಹೆಚ್ಚು ಸಿಗುತ್ತದೆ, ಆದರೆ ಮುಂದಿನ ಚಕ್ರ ಗುಂಡಿಗೆ ಬಿದ್ದ ಏಟು ತಡೆಯಿಲ್ಲದೆ ಚಾಲಕನ ಬುಡಕ್ಕೆ ಬರುತ್ತದೆ. ಟಾಟಾದ ಹಳೆಯ ಎಸ್‌ಇ ಗಾಡಿಗಳಲ್ಲಿ ಎಂಜಿನ್ ಮೂತಿಯ ಹಾಗೆ ಮುಂದಕ್ಕೆ ಚಾಚಿಕೊಂಡು, ಚಾಲಕ ಆಕ್ಸಲಿನಿಂದ ಹಿಂದೆ ಕೂರುತ್ತಿದ್ದುದರಿಂದಲೇ ಹಿರಿಯ ಚಾಲಕರು ಅದರ ಓಟವನ್ನು ಈಗಲೂ ನೆನೆಸಿಕೊಳ್ಳುವುದು. ಆ ಏಟು ನಿಮ್ಮ ಬೆನ್ನನ್ನು ತಲುಪುವ ಮುನ್ನ ಮೂರು ಕಡೆ ಅದನ್ನು ತಗ್ಗಿಸಬಹುದು: ಚಕ್ರಕ್ಕೂ ಚಾಸಿಗೂ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿಗೂ) ನಡುವಿನ ಸ್ಪ್ರಿಂಗಿನಲ್ಲಿ, ಚಾಸಿಗೂ ಕ್ಯಾಬಿನ್ನಿಗೂ ನಡುವೆ, ಕ್ಯಾಬಿನ್ನಿನ ನೆಲಕ್ಕೂ ಸೀಟಿಗೂ ನಡುವೆ. ನಿಮ್ಮ ಹಳೆಯ ಗಾಡಿಯಲ್ಲಿ ಇವುಗಳಲ್ಲಿ ಮೊದಲನೆಯದು ಮಾತ್ರ ಇದೆ. ಕ್ಯಾಬಿನ್ನನ್ನು ಚಾಸಿಗೆ ಬೋಲ್ಟ್ ಮಾಡಲಾಗಿದೆ, ಸೀಟು ನೆಲಕ್ಕೆ ಕೂತಿದೆ. ನಿಮ್ಮ ನೋವಿಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ದೊಡ್ಡ ಪಾಲು ಇದರದ್ದೇ ಇರಬಹುದೆಂದು ಭಾವಿಸುತ್ತೇನೆ.

ಕುಳಿತಿರುವ ಮನುಷ್ಯನ ಬೆನ್ನುಮೂಳೆಗೆ ಅತಿ ಹೆಚ್ಚು ತೊಂದರೆ ಕೊಡುವುದು ಸೆಕೆಂಡಿಗೆ ಸುಮಾರು 4ರಿಂದ 8 ಬಾರಿ ಮೇಲೆ ಕೆಳಗೆ ಆಡುವ ಅದುರು. ದೇಹದ ಒಳಗಿನ ಭಾಗಗಳು ಆ ವೇಗದ ಅದುರಿಗೆ ತಾವೂ ಜೊತೆಗೂಡಿ ಇನ್ನಷ್ಟು ಅಲುಗುತ್ತವೆ. ಒಳ್ಳೆಯ ಸಸ್ಪೆನ್ಷನ್ ಸೀಟು ತಾನು ಸೆಕೆಂಡಿಗೆ ಒಂದೆರಡು ಬಾರಿಯಷ್ಟೇ ನಿಧಾನವಾಗಿ ತೂಗುವಂತೆ ಮಾಡಲ್ಪಟ್ಟಿರುವುದರಿಂದ ಈ ಅಪಾಯದ ಅದುರನ್ನು ಬಹಳ ಮಟ್ಟಿಗೆ ನುಂಗಿಕೊಳ್ಳುತ್ತದೆ. ಬರಿಯ ದಪ್ಪ ಸ್ಪಂಜಿನ ಸೀಟು ಈ ಕೆಲಸವನ್ನು ಮಾಡಲಾರದು. ಶೋರೂಮಿನಲ್ಲಿ ಐದು ನಿಮಿಷ ಕುಳಿತಾಗ ಮೆತ್ತಗೆ ಹಿತವೆನಿಸಿ, ರಸ್ತೆಯಲ್ಲಿ ಎಷ್ಟೋ ವೇಳೆ ಅದುರನ್ನು ಹೆಚ್ಚಿಸಿಯೇ ಕೊಡುತ್ತದೆ. ಸಸ್ಪೆನ್ಷನ್ ಸೀಟಿನಲ್ಲಿ ಎರಡು ಬಗೆ. ಸ್ಪ್ರಿಂಗಿನದಕ್ಕೆ ನಿಮ್ಮ ತೂಕಕ್ಕೆ ತಕ್ಕಂತೆ ತಿರುಗಿಸಿ ಹೊಂದಿಸುವ ತಿರುಪು ಇರುತ್ತದೆ, ಗಾಳಿಯದು ಬ್ರೇಕಿನ ಗಾಳಿಯಿಂದಲೇ ತುಂಬಿಕೊಳ್ಳುತ್ತದೆ. ಮೊದಲನೆಯ ಬಗೆಯ ಸೀಟು ಇರುವ ಎಷ್ಟೋ ಗಾಡಿಗಳಲ್ಲಿ ಆ ತಿರುಪನ್ನು ಯಾರೂ ಮುಟ್ಟಿರುವುದೇ ಇಲ್ಲ. ತೂಕಕ್ಕೆ ಹೊಂದಿಸದ ಸೀಟು ಪ್ರತಿ ಗುಂಡಿಯಲ್ಲೂ ತಳಕ್ಕೆ ಬಡಿದು, ಸಸ್ಪೆನ್ಷನ್ ಇಲ್ಲದ ಸೀಟಿಗಿಂತಲೂ ಕೆಟ್ಟ ಏಟು ಕೊಡುತ್ತದೆ. ನಿಮ್ಮ ಜೊತೆಗೆ ಬೇರೊಬ್ಬರೂ ಓಡಿಸುವುದಿದ್ದರೆ ಸ್ಟೇರಿಂಗ್ ಬದಲಾದಾಗಲೆಲ್ಲ ಈ ತಿರುಪು ಬದಲಾಗಬೇಕು.

ಕ್ಯಾಬಿನ್ನಿನ ಕೆಳಗಿನ ಕಥೆಯೂ ಇಷ್ಟೇ ಮುಖ್ಯ. ಕೆಲವು ಕ್ಯಾಬಿನ್ನುಗಳು ಮುಂದೆ ರಬ್ಬರ್ ಬುಷ್, ಹಿಂದೆ ಸ್ಪ್ರಿಂಗ್ ಎಂದು ಅರ್ಧ ಸಸ್ಪೆನ್ಷನ್ ಹೊಂದಿರುತ್ತವೆ. ಇನ್ನು ಕೆಲವು ನಾಲ್ಕು ಮೂಲೆಗಳಲ್ಲೂ ಸ್ಪ್ರಿಂಗ್ ಮತ್ತು ಕುಲುಕಾಟ ತಗ್ಗಿಸುವ ಡ್ಯಾಂಪರ್ ಮೇಲೆ ತೇಲುತ್ತವೆ. ದುಬಾರಿ ಗಾಡಿಗಳಲ್ಲಿ ಸ್ಪ್ರಿಂಗಿನ ಬದಲು ಗಾಳಿಚೀಲಗಳಿರುತ್ತವೆ. ನಾಲ್ಕೂ ಕಡೆ ಸಸ್ಪೆನ್ಷನ್ ಇರುವ ಕ್ಯಾಬಿನ್ ನಿಮ್ಮ ಮಾರ್ಗಕ್ಕೆ ಅಗತ್ಯವೆಂದೇ ನನ್ನ ಅಭಿಪ್ರಾಯ. ಡೀಲರ್ ಬಾಯಿಮಾತಿನಲ್ಲಿ ‘ಸಸ್ಪೆಂಡೆಡ್ ಕ್ಯಾಬಿನ್’ ಎಂದರೆ ಒಪ್ಪಿಕೊಳ್ಳಬೇಡಿ. ಕ್ಯಾಬಿನ್ ಎತ್ತಿಸಿ ನಾಲ್ಕೂ ಮೂಲೆ ನೋಡಿ.

ಬಿಸಿಯ ವಿಷಯಕ್ಕೆ ಬರುತ್ತೇನೆ. ಬಿಎಸ್‌6 ನಿಯಮ 2020ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಹೊಗೆಯನ್ನು ಶುದ್ಧಗೊಳಿಸುವ ಉಪಕರಣಗಳು ಸೇರಿಕೊಂಡವು. ಅವು ಕೆಲಸ ಮಾಡುವುದೇ ಹೆಚ್ಚಿನ ಶಾಖದಲ್ಲಿ. ಬೇಸಿಗೆಯ ಮಧ್ಯಾಹ್ನ ಎಂಜಿನ್ ಮೇಲೆ ಕುಳಿತು ಹುಬ್ಬಳ್ಳಿ, ಬೆಳಗಾವಿ ದಾಟಿ ಹೋಗುವವನ ಕಷ್ಟ ಇದರಿಂದ ಹೆಚ್ಚಬಾರದೆಂದರೆ ಎಂಜಿನ್ ಮುಚ್ಚಳದ ಕೆಳಗಿನ ಶಾಖತಡೆ ಹಾಳೆ, ಗೇರ್ ಲಿವರ್ ಮತ್ತು ಪೆಡಲ್‌ಗಳ ಬುಡದ ರಬ್ಬರು, ಬಾಗಿಲಿನ ಬೀಡಿಂಗ್ ಎಲ್ಲವೂ ಗಟ್ಟಿಯಾಗಿರಬೇಕು. ಎಸಿ ಎಷ್ಟೇ ದೊಡ್ಡದಿದ್ದರೂ ಪೆಡಲ್ ಬುಡದ ಸಂದಿಯಿಂದ ಬಿಸಿಗಾಳಿ ನುಗ್ಗುತ್ತಿದ್ದರೆ ಕಾಲು ಬೇಯುತ್ತದೆ, ತಲೆ ಮಾತ್ರ ತಣ್ಣಗಿರುತ್ತದೆ.

ಎಸಿ ಈಗ ಐಷಾರಾಮವಲ್ಲ, ಕಾನೂನು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್2 ಮತ್ತು ಎನ್3 ವರ್ಗದ ವಾಹನಗಳ, ಅಂದರೆ ಒಟ್ಟು ತೂಕ ಮೂರೂವರೆ ಟನ್ ಮೀರಿದ ಸರಕು ವಾಹನಗಳ, ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಇದು ಬಹಳ ತಡವಾಗಿ ಬಂದ ಒಳ್ಳೆಯ ನಿಯಮ. ವೋಲ್ವೋ 1998ರಲ್ಲಿ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಲಾರಿ ಕಟ್ಟತೊಡಗಿದಾಗಲೇ ತಂಪಾದ, ಸದ್ದಿಲ್ಲದ ಕ್ಯಾಬಿನ್ ನಮ್ಮ ರಾಜ್ಯದಲ್ಲೇ ತಯಾರಾಗಲು ಶುರುವಾಗಿತ್ತು. ಸಾಮಾನ್ಯ ಚಾಲಕನ ಪಾಲಿಗೆ ಅದು ಬರಲು ಇಷ್ಟು ವರ್ಷ ಹಿಡಿಯಿತೆಂಬುದು ನನಗೆ ನೋವಿನ ಸಂಗತಿ. ‘ಎಸಿ ಹಾಕಿದರೆ ಡೀಸೆಲ್ ಎಲ್ಲಿ ಉಳಿಯುತ್ತದೆ’ ಎಂಬ ಮಾತನ್ನು ಅನೇಕ ಮಾಲೀಕರು ಹೇಳುತ್ತಾರೆ. ಕಂಪ್ರೆಸರ್ ಎಂಜಿನ್ನಿನಿಂದ ಎಳೆದುಕೊಳ್ಳುವ ಶಕ್ತಿಯ ಅಂದಾಜಿನ ಮೇಲೆ ಲೆಕ್ಕ ಹಾಕಿದರೆ, ಓಡುವ ಗಾಡಿಯಲ್ಲಿ ಗಂಟೆಗೆ ಅರ್ಧ ಲೀಟರ್ ಆಸುಪಾಸಿನ ಖರ್ಚು. ಹತ್ತು ಗಂಟೆಗೆ ಐದು ಲೀಟರ್. ಕಿಟಕಿ ತೆರೆದು ಬೆವರುತ್ತ ಓಡಿಸಿದವನು ಮಧ್ಯಾಹ್ನ ಮೂರಕ್ಕೆ ಮಂಪರಿಗೆ ಬೀಳುವ ಅಪಾಯದ ಮುಂದೆ ಐದು ಲೀಟರ್ ಡೀಸೆಲನ್ನು ಇಟ್ಟು ನೋಡಿ, ನೀವೇ ನಿರ್ಧರಿಸಿ.

ನಿಲ್ಲಿಸಿದಾಗಿನ ಲೆಕ್ಕ ಬೇರೆ. ರಾತ್ರಿಯಿಡೀ ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗಿದರೆ ಗಂಟೆಗೆ ಸುಮಾರು ಒಂದೂವರೆಯಿಂದ ಎರಡೂವರೆ ಲೀಟರ್ ಸುಟ್ಟುಹೋಗುತ್ತದೆ. ಹೊಗೆ ಕೊಳವೆಯಲ್ಲಿ ಸೋರಿಕೆಯಿದ್ದರೆ ಮುಚ್ಚಿದ ಕ್ಯಾಬಿನ್ನಿಗೆ ಇಂಗಾಲದ ಮಾನಾಕ್ಸೈಡ್ ನುಗ್ಗಿ ಪ್ರಾಣಕ್ಕೇ ಅಪಾಯ. ಎಂಜಿನ್ ಆರಿಸಿ ಬ್ಯಾಟರಿಯ ಮೇಲೆ ಎಸಿಯ ಫ್ಯಾನನ್ನು ಬಹಳ ಹೊತ್ತು ತಿರುಗಿಸಿದರೆ ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ. ಆದ್ದರಿಂದ ಸ್ಲೀಪರ್ ಕ್ಯಾಬಿನ್ ನೋಡುವಾಗ ಎಸಿ ಇಲ್ಲದ ಹೊತ್ತಿನಲ್ಲಿ ಗಾಳಿ ಹೇಗೆ ಆಡುತ್ತದೆ ಎಂಬುದನ್ನು ಗಮನಿಸಿ. ಮೇಲ್ಚಾವಣಿಯಲ್ಲಿ ತೆರೆಯುವ ಕಿಂಡಿ ಇದೆಯೇ? ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದು ಸೊಳ್ಳೆ ಪರದೆ ಸಿಕ್ಕಿಸಲು ಆಗುತ್ತದೆಯೇ? ಡೀಸೆಲ್ ಕಳ್ಳತನದ ಭಯದಿಂದ ಗಾಡಿಯೊಳಗೇ ಮಲಗಬೇಕಾದವರಿಗೆ ಇವು ಚಿಕ್ಕ ವಿಷಯಗಳಲ್ಲ.

ಮಲಗುವ ಹಾಸಿನ ಅಳತೆಯನ್ನು ಕರಪತ್ರದಲ್ಲಿ ಓದಿ ಸುಮ್ಮನಾಗಬೇಡಿ. ಚಪ್ಪಲಿ ಬಿಚ್ಚಿ, ಶೋರೂಮಿನಲ್ಲೇ ಹತ್ತು ನಿಮಿಷ ಮಲಗಿ ನೋಡಿ. ಮಗ್ಗುಲು ಬದಲಿಸಿ. ಮೊಣಕಾಲು ಮಡಚದೆ ಮಲಗಲಾಗದಿದ್ದರೆ ಬೆನ್ನು ನೋವಿನವರಿಗೆ ಆ ಹಾಸು ಬೇಡ. ರಾಷ್ಟ್ರೀಯ ಪರ್ಮಿಟ್ ಗಾಡಿಯಲ್ಲಿ ಇಬ್ಬರು ಚಾಲಕರು ಇರಲೇಬೇಕೆಂಬ ನಿಯಮವನ್ನು 2018ರಲ್ಲಿ ತೆಗೆದುಹಾಕಿದ ಮೇಲೆ ಒಬ್ಬನೇ ಓಡಿಸಿ, ಒಬ್ಬನೇ ನಿಲ್ಲಿಸಿ ಮಲಗುವುದು ಸಾಮಾನ್ಯವಾಗಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಕೆಲಸವೆಂದು ಹೇಳುತ್ತಿತ್ತು. ಅದು ರಸ್ತೆಯಲ್ಲಿ ಎಷ್ಟು ನಡೆಯಿತೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಹಾಗಿರುವಾಗ ಸಿಗುವ ನಾಲ್ಕೈದು ಗಂಟೆಯ ನಿದ್ದೆಯಾದರೂ ಪೂರ್ತಿ ನಿದ್ದೆಯಾಗಿರಬೇಕು.

ಇನ್ನು ಕೌಲ್ ಪ್ರಶ್ನೆ. ಸಂಕಗಿರಿ, ನಾಮಕ್ಕಲ್, ವಿಜಯವಾಡದ ಕೆಲಸಗಾರರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಅವರು ಕಟ್ಟಿದ ಕ್ಯಾಬಿನ್ನಿನಲ್ಲಿ ಜಾಗ ವಿಶಾಲ, ಸಾಮಾನು ಇಡುವ ಪೆಟ್ಟಿಗೆಗಳು ಚಾಲಕನ ಬದುಕನ್ನು ಬಲ್ಲವರು ಮಾಡಿದಂತೆ ಇರುತ್ತವೆ, ಮಲಗಲು ಹಲಗೆ ಉದ್ದವಾಗಿರುತ್ತದೆ, ಎಲ್ಲಾದರೂ ತಗುಲಿ ಜಖಂ ಆದರೆ ಯಾವ ಊರಿನ ಶೆಡ್ಡಿನಲ್ಲಾದರೂ ತಟ್ಟಿ ಸರಿಮಾಡಿಸಬಹುದು. ಮುಂದಿನ ಗಾಜು ರಬ್ಬರ್ ಬೀಡಿಂಗಿನಲ್ಲಿ ಕೂರುವ ಸಮತಟ್ಟು ಗಾಜಾದ್ದರಿಂದ ಒಡೆದರೆ ಬದಲಿಸುವುದು ಅಗ್ಗ. ಕಂಪನಿ ಕ್ಯಾಬಿನ್ನಿನ ಬಾಗಿದ, ಅಂಟಿಸಿದ ಒಂದೇ ತುಂಡಿನ ಗಾಜು ಒಡೆದರೆ ಖರ್ಚೂ ಹೆಚ್ಚು, ಕಾಯುವುದೂ ಹೆಚ್ಚು. ಇವೆಲ್ಲ ನಿಜವಾದ ಅನುಕೂಲಗಳು.

ಆದರೂ ನಿಮಗೆ ಅದನ್ನು ಶಿಫಾರಸು ಮಾಡಲಾರೆ, ಅದಕ್ಕೆ ಎರಡು ಕಾರಣಗಳಿವೆ. ಒಂದನ್ನು ಆಗಲೇ ಹೇಳಿದೆ: ಚಾಸಿಗೆ ಬಿಗಿದ ಕ್ಯಾಬಿನ್ನಿನಲ್ಲಿ ನಿಮ್ಮ ಬೆನ್ನಿಗೆ ಚಕ್ರದ ಸ್ಪ್ರಿಂಗ್ ಮತ್ತು ಸೀಟಿನ ಹೊರತು ಬೇರೆ ರಕ್ಷಣೆಯಿಲ್ಲ. ಎರಡನೆಯದು ಅಪಘಾತದ ಹೊತ್ತಿನ ಮಾತು. ನಮ್ಮ ಹೆದ್ದಾರಿಗಳಲ್ಲಿ ಲಾರಿ ಚಾಲಕರ ಪ್ರಾಣ ತೆಗೆಯುವ ಒಂದು ಮುಖ್ಯ ಬಗೆ, ರಸ್ತೆ ಬದಿಯಲ್ಲಿ ದೀಪವಿಲ್ಲದೆ ನಿಂತ ಇನ್ನೊಂದು ಲಾರಿಗೆ ಹಿಂದಿನಿಂದ ಗುದ್ದುವುದು. ಆಗ ಮುಂದಿನ ಲಾರಿಯ ಹಿಂಬದಿ ನೇರ ನಿಮ್ಮ ಎದೆ, ಮೊಣಕಾಲಿನ ಮಟ್ಟಕ್ಕೆ ಬರುತ್ತದೆ. ಕ್ಯಾಬಿನ್ನಿನ ಬಲವನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ನಿಯಮ ಇಸಿಇ ಆರ್29, ನಮ್ಮ ದೇಶದಲ್ಲಿ ಎಐಎಸ್-029. ಈ ಪರೀಕ್ಷೆಯಲ್ಲಿ 1500 ಕಿಲೋ ತೂಕದ ಲೋಲಕವನ್ನು ಕ್ಯಾಬಿನ್ನಿನ ಮುಖಕ್ಕೆ ಬಡಿಸುತ್ತಾರೆ, ಮೇಲ್ಚಾವಣಿಯ ಬಲವನ್ನೂ ನೋಡುತ್ತಾರೆ. ಅದಾದ ಮೇಲೂ ಚಾಲಕನಿಗೆ ಬದುಕುಳಿಯುವಷ್ಟು ಜಾಗ ಒಳಗೆ ಉಳಿದಿರಬೇಕು. ಕೊಳ್ಳುವ ಮುನ್ನ ಆ ಮಾದರಿಯ ಕ್ಯಾಬಿನ್ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೇ ಎಂದು ಲಿಖಿತವಾಗಿ ಕೇಳಿ. ಶೆಡ್ಡಿನಲ್ಲಿ ಒಂದೊಂದಾಗಿ ಕಟ್ಟುವ ಕ್ಯಾಬಿನ್ನಿನಲ್ಲಿ ಪ್ರತಿ ವೆಲ್ಡಿಂಗಿನ ಬಲ ಆ ದಿನದ ಕೆಲಸಗಾರನ ಮೇಲೆ ನಿಂತಿರುತ್ತದೆ. ಎಲ್ಲ ಕೇಳಿಯೂ ಕೌಲ್ ಕಡೆಗೇ ಮನಸ್ಸಿದ್ದರೆ, ಬಾಡಿ ಕಟ್ಟುವವರಿಗೆ ಮಾನ್ಯತೆ ಇದೆಯೇ, ಎಸಿ ಸೇರಿದಂತೆ ನೋಂದಣಿಗೆ ಬೇಕಾದ ಪ್ರಮಾಣಪತ್ರ ಕೊಡುತ್ತಾರೆಯೇ ಎಂದು ಮುಂಗಡ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಿ. ಕ್ಯಾಬಿನ್ ಯಾವುದೇ ಇರಲಿ, ಸೀಟ್ ಬೆಲ್ಟ್ ಹಾಕಿಕೊಳ್ಳದಿದ್ದರೆ ಈ ಬಲದ ಮಾತಿಗೆಲ್ಲ ಅರ್ಥವಿಲ್ಲ.

ನೋಟದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎತ್ತರದ ಕ್ಯಾಬಿನ್ನಿನಲ್ಲಿ ದೂರ ಚೆನ್ನಾಗಿ ಕಾಣುತ್ತದೆ, ಎಡ ಬಾಗಿಲಿನ ಪಕ್ಕದ ನೆಲ ಕಾಣುವುದಿಲ್ಲ. ಗಾಜಿನ ಅಂಚಿನ ಕಂಬವೂ ಅದರ ಪಕ್ಕದ ದೊಡ್ಡ ಕನ್ನಡಿಯೂ ಸೇರಿ ತಿರುವಿನಲ್ಲಿ ಒಂದು ಇಡೀ ಬೈಕನ್ನು ಮರೆಮಾಡಬಲ್ಲವು. ಶಿರಾಡಿ ಘಾಟಿಯಂಥ ರಸ್ತೆಯಲ್ಲಿ ಇದರ ಬೆಲೆ ತಿಳಿಯುತ್ತದೆ. ಸೀಟಿನಲ್ಲಿ ಕುಳಿತು, ಒಬ್ಬರನ್ನು ಗಾಡಿಯ ಸುತ್ತ ನಡೆಸಿ, ಅವರು ಎಲ್ಲೆಲ್ಲಿ ಮಾಯವಾಗುತ್ತಾರೆಂದು ನೋಡಿ.

ಇಷ್ಟಾದ ಮೇಲೂ ‘ಹೆಸರು ಹೇಳಿ’ ಎಂದು ನೀವು ಕೇಳುತ್ತೀರಿ, ಅದು ನ್ಯಾಯವೇ. ನಿಮ್ಮ ಮಾರ್ಗಕ್ಕೆ ಟಾಟಾ ಸಿಗ್ನಾ ಅಥವಾ ಪ್ರೈಮಾ, ಲೇಲ್ಯಾಂಡ್ ಎವಿಟಿಆರ್‌ನ ಯು ಕ್ಯಾಬಿನ್, ಭಾರತ್‌ಬೆಂಜ್, ಐಷರ್ ಪ್ರೋ ಸಾಲು, ಮಹೀಂದ್ರಾ ಬ್ಲಾಜೋ, ಇವುಗಳಲ್ಲಿ ನಿಮಗೆ ಬೇಕಾದ ಹನ್ನೆರಡು ಚಕ್ರದ ಗಾಡಿಗೆ ಯಾವ ಕ್ಯಾಬಿನ್ ಸಿಗುತ್ತದೋ ಅದರ ಸ್ಲೀಪರ್ ರೂಪವನ್ನು ನೋಡಬಹುದು. ಸದ್ದು ಕಡಿಮೆ, ಕುಳಿತುಕೊಳ್ಳುವ ಭಂಗಿ ಹಿತ ಎಂಬ ಹೊಗಳಿಕೆಯನ್ನು ಭಾರತ್‌ಬೆಂಜ್ ಚಾಲಕರಿಂದ ಹೆಚ್ಚು ಕೇಳಿದ್ದೇನೆ. ನಡುರಾತ್ರಿ ದಾರಿಯಲ್ಲಿ ನಿಂತರೆ ಬಲ್ಲ ಮೆಕ್ಯಾನಿಕ್ಕೂ ಬಿಡಿಭಾಗವೂ ಹತ್ತಿರದಲ್ಲೇ ಸಿಗುವ ಅನುಕೂಲ ಟಾಟಾ, ಲೇಲ್ಯಾಂಡ್‌ಗಳಿಗೆ ಹೆಚ್ಚು. ಒಂದೇ ಗಾಡಿಯ ಮೇಲೆ ಸಂಸಾರ ನಿಂತಿರುವವರಿಗೆ ಈ ಎರಡನೆಯ ಮಾತು ಭಾರವಾದದ್ದು. ಹಾಗಾಗಿ ಎರಡು ಗಾಡಿಗಳು ಸರಿಸಮವೆನಿಸಿದರೆ, ಹಿರಿಯೂರಿನಿಂದ ಭಿವಂಡಿಯವರೆಗೆ ಯಾರ ಸರ್ವಿಸ್ ಕೇಂದ್ರಗಳು ನಿಮ್ಮ ದಾರಿಗೆ ಹತ್ತಿರವಿವೆಯೋ ಅವರದನ್ನೇ ಆರಿಸಿ.

ಆಯ್ಕೆ ಎರಡಕ್ಕೆ ಇಳಿದ ಮೇಲೆ ಅದೇ ಮಾದರಿಯನ್ನು ಎರಡು ಮೂರು ವರ್ಷ ಓಡಿಸಿರುವ ಚಾಲಕರನ್ನು ಹುಡುಕಿ ಮಾತಾಡಿಸಿ. ಮಾಲೀಕರನ್ನು ಕೇಳಿದರೆ ಅವರು ಮೈಲೇಜ್ ಹೇಳುತ್ತಾರೆ, ನಿಮಗೆ ಬೇಕಿರುವುದು ಚಾಲಕರ ಮಾತು. ಡೀಲರ್ ಹತ್ತಿರ ಪ್ರದರ್ಶನದ ಗಾಡಿಯಿದ್ದರೆ ಒಮ್ಮೆ ಲೋಡಿನಲ್ಲಿ, ಒಮ್ಮೆ ಖಾಲಿಯಲ್ಲಿ, ಕನಿಷ್ಠ ಒಂದು ಗಂಟೆ ಕೆಟ್ಟ ರಸ್ತೆಯೂ ಸೇರಿದಂತೆ ಓಡಿಸಲು ಕೇಳಿ. ಪಟ್ಟಣದ ದಟ್ಟಣೆಯಲ್ಲೂ ಓಡಿಸಿ ಕ್ಲಚ್ ಎಷ್ಟು ಗಟ್ಟಿಯೆಂದು ನೋಡಿ, ಏಕೆಂದರೆ ನೆಲಮಂಗಲದಂಥ ಕಡೆ ಪದೇಪದೇ ಗಟ್ಟಿ ಕ್ಲಚ್ ತುಳಿಯುವುದೂ ಸೊಂಟಕ್ಕೇ ಬರುತ್ತದೆ. ಸ್ಟೇರಿಂಗನ್ನು ಎತ್ತರಿಸಿ, ಹತ್ತಿರಕ್ಕೆ ಎಳೆದು ಹೊಂದಿಸಲು ಬರಬೇಕು. ಬೆನ್ನು ಪೂರ್ತಿ ಸೀಟಿಗೆ ಒರಗಿದ್ದಾಗಲೇ ಕ್ಲಚ್ ತಳ ಮುಟ್ಟಬೇಕು.

ಗಾಳಿ ಸಸ್ಪೆನ್ಷನ್ ಸೀಟು ನೀವು ಆರಿಸಿದ ಮಾದರಿಯಲ್ಲಿ ಮೊದಲೇ ಇಲ್ಲದಿದ್ದರೆ, ಬೆಲೆ ಮಾತಾಡುವಾಗ ಸೀಟ್ ಕವರು, ಮ್ಯಾಟು, ಸಂಗೀತದ ಪೆಟ್ಟಿಗೆಗಳ ಬದಲು ಅದನ್ನೇ ಹಾಕಿಸಿಕೊಡಲು ಕೇಳಿ, ಕಂಪನಿ ಅನುಮೋದಿಸಿದ ಸೀಟೇ ಆಗಿರಲಿ. ಗಾಡಿ ಬಂದ ಮೇಲೆ ಪ್ರತಿ ದೊಡ್ಡ ಸರ್ವಿಸ್ಸಿನಲ್ಲಿ ಕ್ಯಾಬಿನ್ ಬುಷ್, ಡ್ಯಾಂಪರ್, ಎತ್ತಿದ ಕ್ಯಾಬಿನ್ನನ್ನು ಹಿಡಿಯುವ ಲಾಕ್ ಈ ಮೂರನ್ನೂ ನೋಡಿಸಿ, ನೋಡಿದ್ದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಎಂಜಿನ್ ಆಯಿಲ್ಲಿನ ಹಾಗೆ ಇವುಗಳನ್ನು ಯಾರೂ ತಾವಾಗಿ ನೆನಪಿಸುವುದಿಲ್ಲ.